ದಿನಕ್ಕೊಂದು ಹಿಡಿ

ಸೂಜಿಯಮ್ಮನ ಮನೆಯಲ್ಲಿ ಹುಡುಕಿದರೆ ದೇವರಾದರೂ ಸಿಕ್ಕಾನು, ಕತ್ತರಿ ಸಿಗುವುದಿಲ್ಲ ಎಂದು ಆ ಬೀದಿಯಲ್ಲೊಂದು ಮಾತಿತ್ತು. ಮಾತು ಹುಟ್ಟಿಸಿದವಳು ಎದುರುಮನೆಯಾಕೆ. ಅದನ್ನು ಬೀದಿಯ ಕೊನೆಯವರೆಗೆ ಹಂಚಿ ಬಂದವಳು ಮಾತ್ರ ಸ್ವತಃ ಸೂಜಿಯಮ್ಮ. ನಾಚಿಕೊಳ್ಳುವ ಪೈಕಿಯಲ್ಲ ಅವಳು. "ಹೊಲಿಗೆ ನೋಡ್ತೀರೋ, ಮನೆ ನೋಡ್ತೀರೋ?" ಎಂದು ಸವಾಲು ಹಾಕುತ್ತಿದ್ದಳು. ಹೊಲಿಗೆ ನೋಡಿದವರು ಬಾಯಿ ಮುಚ್ಚಿಕೊಳ್ಳಲೇಬೇಕಿತ್ತು. ಅವಳು ಹೊಲಿದ ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿ ಜಾಲಾಡಿದರೂ ಒಂದು ಎಳೆ ನೂಲು ಹೊರಗೆ ಇಣುಕುತ್ತಿರಲಿಲ್ಲ.

ಮನೆ ಎಂದರೆ ಎರಡನೆಯ ಮಹಡಿಯಲ್ಲಿ ಒಂದು ದೊಡ್ಡ ಕೋಣೆ, ಒಂದು ಚಿಕ್ಕ ಕೋಣೆ, ಒಂದು ಅಡುಗೆಮನೆ. ದೊಡ್ಡ ಕೋಣೆಯಲ್ಲಿ ಅವಳ ರಾಶಿಗಳಿದ್ದವು. ಬಾಗಿಲಿನ ಎಡಕ್ಕೆ ಸೊಂಟದೆತ್ತರ ಹಳೆಯ ಪತ್ರಿಕೆಗಳು, ಬಟ್ಟೆ ಕತ್ತರಿಸುವ ಮುಂಚೆ ಅಳತೆ ಬರೆದುಕೊಳ್ಳುವುದಕ್ಕೆ. ಅದರಾಚೆ ಒಂದು ಕುರ್ಚಿ. ಅದರ ಮೇಲೆ ಯಾರೂ ಕೂತದ್ದಿಲ್ಲ, ರಿಪೇರಿಗೆ ಬಂದ ಕೋಟುಗಳೇ ಕೂತಿದ್ದವು. ಆಮೇಲೆ ಅಳತೆ ನೋಡುವ ಮರದ ಬೊಂಬೆ, ತಲೆ ಇಲ್ಲದ್ದು. ಅದರ ಕಾಲಬುಡದಲ್ಲಿ ಮಖಮಲ್ಲಿನ ಪರದೆಗಳ ಗಂಟು. ಇವೆಲ್ಲ ಹತ್ತಿಪ್ಪತ್ತು ವರ್ಷದಿಂದ ಇದ್ದಲ್ಲೇ ಬೇರುಬಿಟ್ಟಿದ್ದವು. ಊರೂರು ಅಲೆಯುತ್ತಿದ್ದದ್ದು ಸಣ್ಣ ಸಾಮಾನುಗಳು. ಕತ್ತರಿ, ಟೇಪು, ಸೀಮೆಸುಣ್ಣ, ಕನ್ನಡಕ, ಉಪ್ಪಿನ ಡಬ್ಬಿ. ಟೇಪನ್ನು ಕೊರಳಿಗೆ ಹಾಕಿಕೊಂಡೇ ಮನೆಯೆಲ್ಲ ತಡಕಾಡಿ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆಯನ್ನು ಅವಳು ದಿನಾ ಆಡಿ ತೋರಿಸುತ್ತಿದ್ದಳು.

ಗಂಡ ಇದಕ್ಕೆ ತದ್ವಿರುದ್ಧ. ಅವರು ಮೂವತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಸೀಸದ ಒಂದೊಂದು ಅಕ್ಷರಕ್ಕೂ ಅಲ್ಲಿ ಮೊಳೆ ಎಂದೇ ಹೆಸರು. ಹೊಸಬರಿಗೆ ಕೆಲಸ ಕಲಿಸುತ್ತಿದ್ದುದರಿಂದ ಇವರಿಗೆ ಮೊಳೆ ಮಾಸ್ತರು ಎಂಬ ಹೆಸರು ಬಿತ್ತು. ನಾಲ್ಕು ನೂರು ಖಾನೆಗಳ ಮುಂದೆ ನಿಂತು, ಕಣ್ಣು ಕಾಗದದ ಮೇಲಿಟ್ಟು, ಕೈಯನ್ನು ಅದರ ಪಾಡಿಗೆ ಓಡಿಸುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ ಒಂದು ಜೋಡಿ. ಆದರೂ ಮೂವತ್ತೈದು ವರ್ಷದಲ್ಲಿ ಮಾಸ್ತರು ಹೆಂಡತಿಯ ರಾಶಿಗಳ ಬಗ್ಗೆ ತುಟಿ ಬಿಚ್ಚಿದವರಲ್ಲ. ಮನೆ ಅವಳ ಅಚ್ಚುಕೂಟ, ಅಲ್ಲಿ ನಾನು ಗಿರಾಕಿ ಅನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರ ಕಣ್ಣು ಮಂಜಾಯಿತು. ಕಣ್ಣೊಳಗಿನ ಒತ್ತಡ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದರು. ಉಳಿದದ್ದು ಎಷ್ಟೆಂದರೆ ಬೆಳಕಿಗೂ ಕತ್ತಲೆಗೂ ಇರುವ ವ್ಯತ್ಯಾಸದಷ್ಟು. ಹಾಗಿದ್ದೂ ಮಾಸ್ತರು ಎದ್ದು ಓಡಾಡಿಕೊಂಡಿದ್ದರು. ಒಂದು ಮಧ್ಯಾಹ್ನ ಸೂಜಿಯಮ್ಮ ದಾರಿಗಡ್ಡವಾಗಿ ಸ್ಟೂಲು ಬಿಟ್ಟು ಅಡುಗೆಮನೆಗೆ ಹೋದಳು. ಮಾಸ್ತರು ಎಡವಿದರು, ಆಸರೆಗೆಂದು ಮೇಜಿಗೆ ಕೈಯೂರಿದರು. ಊರಿದ್ದು ಬಿಸಿ ಇಸ್ತ್ರಿಪೆಟ್ಟಿಗೆಯ ಮೇಲೆ.

ಅಂಗೈ ಬೊಬ್ಬೆ ಎದ್ದಿತು. ಸೂಜಿಯಮ್ಮ ಅತ್ತ ಅಳು ಮೂರು ಮನೆಗೆ ಕೇಳಿಸಿತು. ಅವಳು ಅವರನ್ನು ಕಿಟಕಿಯ ಎದುರುಗೋಡೆಗಿದ್ದ ಬೆತ್ತದ ಕುರ್ಚಿಯಲ್ಲಿ ಕೂರಿಸಿ, "ಇನ್ಮೇಲೆ ನೀವು ಏಳಬೇಡಿ. ಏನು ಬೇಕೋ ಕೇಳಿ, ಕೈಗೆ ತಂದು ಕೊಡ್ತೀನಿ. ನನ್ನಾಣೆ" ಎಂದಳು.

ಮಾಸ್ತರು ಏಳಲಿಲ್ಲ. ಬೆಳಗ್ಗೆ ಕೂತವರು ಸಂಜೆಯವರೆಗೆ ಕೂತಿರುತ್ತಿದ್ದರು. ಚಹಾ ಕೈಗೆ ಬರುತ್ತಿತ್ತು, ತಟ್ಟೆ ತೊಡೆಗೆ ಬರುತ್ತಿತ್ತು. ಬಚ್ಚಲಿಗೂ ಅವಳ ಹೆಗಲೇ ಆಸರೆ. ಮೊದಮೊದಲು ಸೂಜಿಯಮ್ಮನಿಗೆ ನೆಮ್ಮದಿಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಹೆದರಿಕೆ ಶುರುವಾಯಿತು. ಮನುಷ್ಯ ಮಾತು ಕಡಿಮೆ ಮಾಡಿದ್ದರು, ತಮಾಷೆ ನಿಲ್ಲಿಸಿದ್ದರು, ಬಟ್ಟೆಯ ಗಂಟಿನ ಹಾಗೆ ಇಟ್ಟಲ್ಲಿ ಇರುತ್ತಿದ್ದರು. ಕೂತಲ್ಲೇ ಮುದುಕರಾಗಿಬಿಡುತ್ತಾರೆ, ಇನ್ನು ಮೇಲೆ ಏಳುವುದೇ ಇಲ್ಲ ಎಂದು ಅವಳಿಗೆ ಅನ್ನಿಸತೊಡಗಿತು. ಆದರೆ ಎದ್ದೇಳಿ ಎನ್ನುವುದಕ್ಕೆ ಯಾವ ಮುಖ? ಸ್ಟೂಲು ಬಿಟ್ಟವಳು ಯಾರು?

ಈ ಸಂಕಟವನ್ನು ಅವಳು ಅಕ್ಕನ ಹತ್ತಿರ ಹೇಳಿಕೊಂಡಳು. ಅಕ್ಕ ಆಸ್ಪತ್ರೆಯಲ್ಲಿ ದೊಡ್ಡ ನರ್ಸಾಗಿ ನಿವೃತ್ತಳಾದವಳು. ಮೂವತ್ತು ಹಾಸಿಗೆಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿದ ಕೈ ಅವಳದು. ಅವಳು ಸೊಂಟಕ್ಕೆ ಕೈಕೊಟ್ಟು ಕೋಣೆಯ ನಡುವೆ ನಿಂತಳು. ನಿಲ್ಲುವುದಕ್ಕೆ ಅಲ್ಲಿ ಒಂದೇ ಜಾಗವಿತ್ತು.

"ಎರಡು ಕಣ್ಣಿದ್ದೂ ನಾನೇ ಇಲ್ಲಿ ಎಡವ್ತೀನಿ ಕಣೇ. ಅವರ ಪಾಡೇನು? ಈ ಮನೇನ ಮೊದಲು ಮನೆ ಮಾಡೋಣ. ಆಮೇಲೆ ನೋಡು, ತಾವಾಗೇ ಎದ್ದು ಓಡಾಡ್ತಾರೆ."

ಅಕ್ಕನ ಮಾತು ಸೂಜಿಯಮ್ಮನಿಗೆ ವೇದವಾಕ್ಯ. ಆ ವಾರವೇ ಮಾಸ್ತರಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಮೂರು ದಿನದ ಪರೀಕ್ಷೆಗಳಿದ್ದವು. ಬೇರೆ ಮನೆ ಮಾಡಿಕೊಂಡಿದ್ದ ಮಗ, ಬಸ್ಸಿನ ಡ್ರೈವರು, ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋದ. ಬಾಗಿಲು ಮುಚ್ಚಿದ್ದೇ ತಡ, ಅಕ್ಕತಂಗಿಯರು ಟೊಂಕ ಕಟ್ಟಿ ನಿಂತರು.

ಮೂರು ದಿನ ಆ ಮನೆಯಲ್ಲಿ ನಡೆದದ್ದಕ್ಕೆ ಯುದ್ಧ ಎಂದರೂ ಕಡಿಮೆಯೇ. ಪತ್ರಿಕೆಗಳು ಗುಜರಿಯವನ ಗಾಡಿ ಸೇರಿದವು. ಕೋಟುಗಳು ಕಪಾಟಿಗೆ ಹೋದವು. ಬೊಂಬೆಯನ್ನು ಚಿಕ್ಕ ಕೋಣೆಗೆ ತಳ್ಳಿದರು. ಮಖಮಲ್ಲನ್ನು ಒಗೆದು ಮಡಿಸಿ ಮೇಲಿನ ಅಟ್ಟಕ್ಕೆ ಏರಿಸಿದರು. ಏಳು ಟೇಪು ಸಿಕ್ಕವು, ನಾಲ್ಕು ಕತ್ತರಿ ಸಿಕ್ಕವು. ಅದರಲ್ಲಿ ಒಂದು ಅರ್ಧ ಹೊಲಿದಿಟ್ಟ ದಿಂಬಿನ ಚೀಲದೊಳಗಿತ್ತು. "ಇದನ್ನೂ ಸೇರಿಸಿ ಹೊಲಿದು ಗಿರಾಕಿಗೆ ಕೊಡೋಳು ನೀನು" ಎಂದು ಅಕ್ಕ ನಗಾಡಿದಳು. ಒಂದೇ ಅಳತೆಯ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿ, ದುಂಡನೆಯ ಅಕ್ಷರದಲ್ಲಿ ಗುಂಡಿ, ನೂಲು, ಸಕ್ಕರೆ, ಉಪ್ಪು ಎಂದು ಚೀಟಿ ಬರೆದು ಅಂಟಿಸಿದಳು. ಬಾಗಿಲ ಬಳಿ ಚಪ್ಪಲಿಗೆಂದು ಒಂದು ಗೂಡು ಬಂತು. ನೆಲ ಒರೆಸಿ ಒರೆಸಿ, ಅದರ ಬಣ್ಣ ಬೂದಿಯಲ್ಲ, ತಿಳಿ ಹಸಿರು ಎಂದು ಸೂಜಿಯಮ್ಮನಿಗೆ ಅವತ್ತೇ ಗೊತ್ತಾಯಿತು. ಎದುರುಮನೆಯಾಕೆ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

ಮೂರನೆಯ ಸಂಜೆ ಮಗ ಅಪ್ಪನ ಕೈಹಿಡಿದು ಮೆಟ್ಟಿಲು ಹತ್ತಿಸಿದ. ಬಾಗಿಲಲ್ಲಿ ಸೂಜಿಯಮ್ಮ ಉಸಿರು ಬಿಗಿಹಿಡಿದು ಕಾದಿದ್ದಳು.

ಹೊಸ್ತಿಲು ದಾಟಿದ ಕೂಡಲೇ ಮಾಸ್ತರು ಮಗನ ಕೈ ಬಿಡಿಸಿಕೊಂಡರು. ಏಳದ ಮನುಷ್ಯ ತಾವೇ ಒಂದು, ಎರಡು, ಮೂರು ಹೆಜ್ಜೆ ಧೈರ್ಯವಾಗಿ ಇಟ್ಟರು. ಆಮೇಲೆ ಎಡಗೈಯನ್ನು ಪಕ್ಕಕ್ಕೆ ಚಾಚಿದರು. ಕೈಗೆ ಏನೂ ಸಿಗಲಿಲ್ಲ. ಇನ್ನಷ್ಟು ಚಾಚಿದರು. ಇನ್ನೊಂದು ಹೆಜ್ಜೆ ಅಡ್ಡಕ್ಕಿಟ್ಟಾಗ ಮೊಣಕಾಲಿಗೆ ಚಪ್ಪಲಿ ಗೂಡು ಬಡಿಯಿತು. ಅಲ್ಲೇ ನಿಂತರು.

"ಇದು ಯಾರ ಮನೆ?" ಎಂದು ಕೇಳಿದರು.

"ನಮ್ಮದೇ ರೀ! ಅಕ್ಕ, ನಾನು ಎಲ್ಲಾ ಸರಿ ಮಾಡಿದ್ವಿ. ಈಗ ಒಂದು ಸಾಮಾನೂ ಕಾಲಿಗೆ ಸಿಗಲ್ಲ."

"ಪ್ರತಿಯೊಂದು ಡಬ್ಬಿಗೂ ಚೀಟಿ ಅಂಟಿಸಿದೀವಿ ಮಾಸ್ತರೇ" ಎಂದಳು ಅಕ್ಕ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ತುಂಬ ಶ್ರಮ ತಗೊಂಡಿದೀರಿ ಅತ್ತಿಗೆ" ಎಂದರು ಮಾಸ್ತರು, ಮರ್ಯಾದೆಯಿಂದ. ಮಗನ ಕಡೆ ಕೈಚಾಚಿ, "ನನ್ನನ್ನ ಕುರ್ಚಿಗೆ ಕರ್ಕೊಂಡು ಹೋಗಪ್ಪ" ಎಂದರು.

ಆ ಸಂಜೆ ಅವರು ಬೇಗನೆ ಮಲಗಿಬಿಟ್ಟರು. ಆಯಾಸವಿರಬೇಕು ಎಂದುಕೊಂಡಳು ಸೂಜಿಯಮ್ಮ.

ಮರುದಿನ ನಾಲ್ಕು ಗಂಟೆಗೆ ಅವಳು ಎಂದಿನಂತೆ ಹೊಲಿದ ಬಟ್ಟೆಗಳನ್ನು ಮನೆಮನೆಗೆ ತಲುಪಿಸಲು ಹೊರಟಳು. ಅದು ಅವಳ ದಿನಚರಿ. ಹೋದರೆ ಬರುವುದು ಆರಕ್ಕೆ. ಬೀದಿಯ ತಿರುವಿಗೆ ಹೋದ ಮೇಲೆ ನೋಡಿದರೆ ಕೈಚೀಲವೇ ಇಲ್ಲ. ಮನೆ ಅಷ್ಟು ಚೊಕ್ಕಟವಾದರೂ ಅವಳ ತಲೆ ಹಳೆಯದೇ ತಾನೇ. ಗೊಣಗುತ್ತಾ ವಾಪಸು ಬಂದು, ಚಪ್ಪಲಿ ಕೆಳಗೇ ಬಿಟ್ಟು, ಅರ್ಧ ತೆರೆದಿದ್ದ ಬಾಗಿಲನ್ನು ತಳ್ಳಲು ಕೈಯೆತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

ಮಾಸ್ತರು ಕೋಣೆಯ ನಟ್ಟನಡುವೆ ನಿಂತಿದ್ದರು. ಎರಡೂ ಕೈ ಮುಂದೆ ಚಾಚಿ ಗಾಳಿಯನ್ನು ಸವರುತ್ತಿದ್ದರು. "ಏಳು... ಎಂಟು... ಇಲ್ಲಿ ಬೊಂಬೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಬೊಂಬೆಯ ಭುಜ ಇರಬೇಕಾದ ಎತ್ತರದಲ್ಲಿ ಹುಡುಕಿದರು. ಸಿಗದೆ ಹಿಂದೆ ಸರಿದರು. ಮತ್ತೆ ಮೊದಲಿಂದ ಎಣಿಸಿದರು. ಎಣಿಸಿದ್ದು ಎಲ್ಲಿಂದ ಎನ್ನುವುದೂ ಅವರಿಗೆ ತಪ್ಪಿತ್ತು; ಮುಖ ಗೋಡೆಯ ಕಡೆಗಿತ್ತು, ಹುಡುಕುತ್ತಿದ್ದದ್ದು ಅಡುಗೆಮನೆಯನ್ನು. ಕೊನೆಗೆ ಕಾಲಡಿಯ ನೆಲವನ್ನು ಮುಟ್ಟಿ ನೋಡಿ ಅಲ್ಲೇ ಕೂತುಬಿಟ್ಟರು.

ಸೂಜಿಯಮ್ಮ ಒಳಗೆ ಓಡಿದಳು. ಹಿಡಿದೆಬ್ಬಿಸಿ ಕುರ್ಚಿಗೆ ಕರೆತಂದಳು.

"ಯಾವಾಗಿಂದ ರೀ? ಯಾವಾಗಿಂದ ನಡೀತಾ ಇದ್ರಿ?"

ಮಾಸ್ತರು ಕದ್ದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. "ಒಂದು ತಿಂಗಳ ಮೇಲಾಯ್ತು. ನೀನು ಬಟ್ಟೆ ಕೊಡೋಕೆ ಹೋದಾಗ. ಏಳಬೇಡಿ ಅಂತ ನೀನು ಆಣೆ ಹಾಕಿದ್ದೆ, ಅದಕ್ಕೆ ಹೇಳಲಿಲ್ಲ. ಒಂದಿನ ನೀನು ಬರೋ ಹೊತ್ತಿಗೆ ಬಾಗಿಲು ತೆಗೆದು, ಬಾಮ್ಮಾ ಒಳಗೆ ಅನ್ನೋಣ ಅಂತಿತ್ತು."

"ಅಷ್ಟೊಂದು ರಾಶಿ ನಡುವೆ ಹೇಗೆ ನಡೆದ್ರಿ?"

"ರಾಶಿ ಇತ್ತಲ್ಲ, ಅದಕ್ಕೇ ನಡೆದೆ. ಬಾಗಿಲಿಂದ ಮೂರು ಹೆಜ್ಜೆಗೆ ಪೇಪರು. ಅಲ್ಲಿಂದ ಐದಕ್ಕೆ ಕೋಟಿನ ಕುರ್ಚಿ, ಉಣ್ಣೆ ಕೈಗೆ ತಾಗ್ತಿತ್ತು. ಬಲಕ್ಕೆ ತಿರುಗಿದ್ರೆ ಬೊಂಬೆ. ಕಾಲಿಗೆ ಮಖಮಲ್ಲು ಸಿಕ್ಕಿದ್ರೆ ಇನ್ನು ಆರಕ್ಕೆ ಅಡುಗೆಮನೆ. ನಿನ್ನ ರಾಶಿಗಳು ಒಂದು ದಿನಾನೂ ಜಾಗ ತಪ್ಪಿಸಿದ್ದಿಲ್ಲ ನೋಡು." ಅವರು ಸ್ವಲ್ಪ ನಗಲು ನೋಡಿದರು. ನಗು ಬರಲಿಲ್ಲ. "ಈಗ ಎಲ್ಲಾ ಒಂದೇ ಥರ ಇದೆ. ಬಯಲಲ್ಲಿ ಬಿಟ್ಟ ಹಾಗಿದೆ."

ಸೂಜಿಯಮ್ಮ ಅಳತೊಡಗಿದಳು. ಗಂಡನಿಗೆ ಕಣ್ಣಾಗಿದ್ದ ಕೈಯನ್ನು ಸ್ಟೂಲು ಬಿಟ್ಟು ಸುಟ್ಟದ್ದೂ ನಾನೇ, ಒಳ್ಳೆಯದು ಮಾಡಹೊರಟು ಅವರ ದಾರಿಯನ್ನು ಕಸಪೊರಕೆಯಿಂದ ಗುಡಿಸಿಹಾಕಿದ್ದೂ ನಾನೇ ಎಂದು ತಲೆ ಚಚ್ಚಿಕೊಂಡಳು. "ಎಲ್ಲಾ ವಾಪಸ್ ಇಡ್ತೀನಿ. ಇವತ್ತೇ ಇಡ್ತೀನಿ. ಗುಜರಿಯವನ ಹತ್ರ ಹೋಗಿ ಪೇಪರು ತರ್ತೀನಿ" ಎಂದು ಎದ್ದಳು.

"ಕೂತ್ಕೋ" ಎಂದರು ಮಾಸ್ತರು.

ಅಳು ಇಳಿಯುವವರೆಗೆ ಕಾದು, ಆಮೇಲೆ ಅವರು ಒಂದು ಸಂಗತಿ ಹೇಳಿದರು. ಒಮ್ಮೆ ಅಚ್ಚುಕೂಟದಲ್ಲಿ ದೊಡ್ಡ ಕೇಸು ಬಿತ್ತಂತೆ. ಕೇಸೆಂದರೆ ಮೊಳೆಗಳ ಆ ಖಾನೆಗಳಿರುವ ಮರದ ತಟ್ಟೆ. ನಾಲ್ಕು ನೂರು ಖಾನೆಗಳ ಮೊಳೆ ನೆಲದ ಮೇಲೆ ಒಂದೇ ಗುಡ್ಡೆ. ಬೀಳಿಸಿದವರು ಬೇರೆ ಯಾರೂ ಅಲ್ಲ, ಯಜಮಾನರೇ. ಹೊಸ ಕಪಾಟು ಬಂದಿದೆ, ಎಲ್ಲ ಒಂದೇ ದಿನಕ್ಕೆ ಅಂದವಾಗಿ ಜೋಡಿಸಿಬಿಡೋಣ ಎಂದು ತಾವೇ ಎತ್ತಲು ಹೋಗಿದ್ದರು. ಎಲ್ಲರೂ ಕೂತು ಇವತ್ತೇ ಆರಿಸಿ ಎಂದು ಯಜಮಾನರು ಅಪ್ಪಣೆ ಮಾಡಿದರು. ಒಂದು ದಿನ ಆರಿಸಿದ್ದಕ್ಕೆ ಕಣ್ಣು ಉರಿದು, ಅರ್ಧ ಮೊಳೆ ತಪ್ಪು ಖಾನೆಗೆ ಬಿದ್ದವು.

"ಆಮೇಲೆ ನಮ್ಮ ಹಿರಿಯ ಒಬ್ಬ ಇದ್ದ. ಅವನು ಹೇಳಿದ, ಯಾರೂ ಗುಡ್ಡೆ ನೋಡಬೇಡಿ, ದಿನಾ ಕೆಲಸ ಶುರು ಮಾಡೋ ಮುಂಚೆ ಒಬ್ಬೊಬ್ಬರು ಒಂದೊಂದು ಹಿಡಿ ತಗೊಳ್ಳಿ, ಹಿಡಿ ಮುಗಿದ್ರೆ ನಿಮ್ಮ ಪಾಲಿನ ಕೆಲಸ ಆಯ್ತು. ಐದು ವಾರಕ್ಕೆ ನೆಲ ಕಾಣಿಸ್ತು."

"ಅಂದ್ರೆ?"

"ಅಂದ್ರೆ ವಾಪಸ್ ಇಡೋದು ಬೇಡ. ಇಬ್ರೂ ಸೇರಿ ದಿನಕ್ಕೊಂದು ಸಾಮಾನಿಗೆ ಜಾಗ ಮಾಡೋಣ. ಒಂದೇ. ನಿಂಗೂ ನೆನಪಿರಬೇಕು, ನಂಗೂ ಕೈಗೆ ಸಿಗಬೇಕು."

ಸೂಜಿಯಮ್ಮ ಮೂಗು ಒರೆಸಿಕೊಂಡು, "ಒಂದು ಸಾಮಾನಾದ್ರೆ ನನ್ನ ಕೈಲೂ ಆಗತ್ತೆ" ಎಂದಳು. ತನ್ನ ಮೇಲೆ ಅವಳಿಗೆ ನಂಬಿಕೆ ಅಷ್ಟೇ ಇದ್ದದ್ದು.

ಮೊದಲ ದಿನ ಕತ್ತರಿ. ಅಕ್ಕ ಅದನ್ನು ಅಳತೆಗೆ ತಕ್ಕಂತೆ ಮೂರನೆಯ ಡಬ್ಬಿಯಲ್ಲಿ ಮಲಗಿಸಿದ್ದಳು. "ನಿನ್ನ ಕೈ ಮೊದಲು ಎಲ್ಲಿಗೆ ಹೋಗತ್ತೆ?" ಎಂದು ಕೇಳಿದರು ಮಾಸ್ತರು. ಅವಳು ಮಿಷನ್ನಿನ ಮುಂದೆ ಕೂತು ಕಣ್ಣು ಮುಚ್ಚಿ ಕೈ ಚಾಚಿದಳು. ಬಲಗಡೆ, ಮೊಣಕಾಲಿನ ಹತ್ತಿರ. ಅಲ್ಲೊಂದು ಕೊಕ್ಕೆ ಹೊಡೆದರು. ಕೇಸಿನಲ್ಲೂ ಹಾಗೆಯೇ ಎಂದರು ಮಾಸ್ತರು. ಅಕ್ಷರಗಳು ಶಾಲೆಯಲ್ಲಿ ಕಲಿತ ಸಾಲಿನಲ್ಲಿ ಇರುವುದಿಲ್ಲ, ಯಾವುದು ಹೆಚ್ಚು ಬೇಕೋ ಅದು ಕೈಗೆ ಹತ್ತಿರ. ಅಂದಕ್ಕೆ ಇಟ್ಟದ್ದು ಹೋಗಿಬರುತ್ತದೆ, ಕೈಗೆ ಇಟ್ಟದ್ದು ನಿಲ್ಲುತ್ತದೆ. ಜೊತೆಗೆ ಇನ್ನೊಂದು ಮಾತು ಹೇಳಿದರು. ಅಚ್ಚಾಗಿ ಕಾಗದ ಹೊರಬಂದರೆ ಮೊಳೆಯವನ ಕೆಲಸ ಮುಗಿಯುವುದಿಲ್ಲ. ಜೋಡಿಸಿದ ಮೊಳೆಗಳನ್ನು ಬಿಚ್ಚಿ ಅವುಗಳ ಖಾನೆಗೆ ಹಾಕಿದಾಗಲೇ ಮುಗಿಯಿತು ಎಂದು ಲೆಕ್ಕ. ಸೂಜಿಯಮ್ಮನಿಗೆ ಇದು ತಟ್ಟಿತು. ಕೊನೆಯ ಗುಂಡಿ ಹೊಲಿದ ಕೂಡಲೇ ಉಸ್ಸಪ್ಪಾ ಎಂದು ಏಳುವುದು ಅವಳ ಚಾಳಿ. ಈಗ ಗುಂಡಿ ಆದಮೇಲೆ ಕತ್ತರಿ ಕೊಕ್ಕೆಗೆ, ಆಮೇಲೆ ಉಸ್ಸಪ್ಪಾ.

ಎರಡನೆಯ ದಿನ ಉಪ್ಪು. ಮೂರನೆಯ ದಿನ ಚಪ್ಪಲಿ. ಅಕ್ಕನ ಗೂಡನ್ನು ಅವರು ಬಾಗಿಲ ಹೊರಗಿಟ್ಟರು. ನಾಲ್ಕನೆಯ ದಿನ ಸೂಜಿಯಮ್ಮ ಹುಮ್ಮಸ್ಸಿನಲ್ಲಿ ಒಮ್ಮೆಗೇ ಆರು ಸಾಮಾನಿಗೆ ಜಾಗ ಮಾಡಿ, ಐದನೆಯ ದಿನ ಆರನ್ನೂ ಮರೆತಳು. ಆರಂಭಶೂರತ್ವ ಎಂದು ಮಾಸ್ತರು ಚುಡಾಯಿಸಿದರು. ತಿಂಗಳುಗಳ ಮೇಲೆ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು. ಮತ್ತೆ ದಿನಕ್ಕೊಂದು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ, ಸುಳ್ಳಲ್ಲ. ಎರಡನೆಯ ವಾರ ಅವಳು ಮತ್ತೊಮ್ಮೆ ಸ್ಟೂಲನ್ನು ನಡುದಾರಿಯಲ್ಲಿ ಬಿಟ್ಟಳು. ಅವತ್ತು ಮಾಸ್ತರು ಎದ್ದಿರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ಆದರೂ ಅದು ಕಣ್ಣಿಗೆ ಬಿದ್ದ ಕೂಡಲೇ ಅವಳು ತಾನಾಗಿ ಹೋಗಿ ತಪ್ಪೊಪ್ಪಿಕೊಂಡಳು. "ಮೊಳೆ ತಪ್ಪು ಖಾನೆಗೆ ಹಾಕದೆ ಕೆಲಸ ಕಲಿತವನನ್ನ ನಾನು ನೋಡಿಲ್ಲ. ಈಗ ಅದನ್ನ ಎಲ್ಲಿಡೋಣ ಹೇಳು" ಎಂದರು ಅವರು. ಸ್ಟೂಲು ಮಿಷನ್ನಿನ ಅಡಿಗೆ ಹೋಯಿತು. ಅದು ಆ ದಿನದ ಹಿಡಿ. ಬೊಂಬೆಯನ್ನು ಚಿಕ್ಕ ಕೋಣೆಯಿಂದ ತಂದು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ನಿಲ್ಲಿಸಿದರು. ಕುರ್ಚಿಯಿಂದ ಗೋಡೆ ಸವರಿಕೊಂಡು ಹೋದರೆ ಕೈಗೆ ಬೊಂಬೆ, ಬೊಂಬೆಯಾಚೆ ಅಡುಗೆಮನೆ. ಉಪ್ಪಿನ ಡಬ್ಬಿಗೆ ಚೀಟಿಯ ಬದಲು ಒರಟು ದಾರ ಸುತ್ತಿದರು, ಸಕ್ಕರೆಗೆ ಒಂದು ದೊಡ್ಡ ಗುಂಡಿ ಕಟ್ಟಿದರು. ರಾತ್ರಿ ಮಲಗುವ ಮುಂಚೆ ಐದು ನಿಮಿಷ ನೆಲ ಖಾಲಿ ಮಾಡುವುದು ಅಭ್ಯಾಸವಾಯಿತು. ಅದಕ್ಕಿಂತ ಹೆಚ್ಚು ಅವಳು ಮಾಡಲಿಲ್ಲ, ಮಾಡಿದರೆ ಮರುದಿನ ಕೈಕೊಡುತ್ತೇನೆ ಎಂದು ಅವಳಿಗೇ ಗೊತ್ತಿತ್ತು.

ಎರಡು ತಿಂಗಳಿಗೆ ಮನೆಯ ಮುಖ ಬದಲಾಯಿತು. ಅಕ್ಕ ಮಾಡಿದಷ್ಟು ಅಂದವೇನೂ ಇರಲಿಲ್ಲ. ಆದರೆ ಅಕ್ಕ ಮಾಡಿದ್ದು ಮೂರು ದಿನವೂ ನಿಲ್ಲುತ್ತಿರಲಿಲ್ಲ, ಇದು ನಿಂತಿತ್ತು.

ಮಾಸ್ತರು ಮಾತ್ರ ನಿಂತಿರಲಿಲ್ಲ. ಮನೆಯ ಪ್ರತಿಯೊಂದು ಸಾಮಾನಿಗೂ ಜಾಗ ಹೇಳಿದ ಮನುಷ್ಯ ತಾವು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹೆಚ್ಚೆಂದರೆ ಅವಳು ಜೊತೆಗಿದ್ದಾಗ ಗೋಡೆ ಹಿಡಿದು, ಎಣಿಸಿಕೊಂಡು, ಬೊಂಬೆಯವರೆಗೆ. ಬೊಂಬೆಯ ಭುಜ ಹಿಡಿದುಕೊಂಡು ನಿಲ್ಲುತ್ತಿದ್ದರು, ಬೆವರುತ್ತಿದ್ದರು, ವಾಪಸು ಬರುತ್ತಿದ್ದರು. ಆ ದಿನ ಕೋಣೆಯ ನಡುವೆ ಕೈ ಖಾಲಿಯಾಗಿ ನಿಂತದ್ದು ಅವರೊಳಗೆ ಕೂತುಬಿಟ್ಟಿತ್ತು. "ಇನ್ನೂ ಸ್ವಲ್ಪ ದಿನ ಹೋಗಲಿ" ಎನ್ನುತ್ತಿದ್ದರು. ಅಕ್ಕ ಬಂದಾಗಲೆಲ್ಲ ಬಾಗಿಲಲ್ಲೇ ಪಿಸುಗುಟ್ಟಿ ಕೇಳುತ್ತಿದ್ದಳು, "ಎದ್ದು ಓಡಾಡ್ತಾರೇನೇ?" ಸೂಜಿಯಮ್ಮ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಅಕ್ಕ ತಪ್ಪಿತಸ್ಥಳ ಹಾಗೆ ಕೂತು, ಯಾರೂ ಹೇಳದಿದ್ದರೂ ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದಳು.

ಸೂಜಿಯಮ್ಮ ಒತ್ತಾಯಿಸಲಿಲ್ಲ. ನಾಲ್ಕಕ್ಕೆ ಹೋಗಿ ಆರಕ್ಕೆ ಬರುವ ಪದ್ಧತಿಯನ್ನೂ ಬಿಡಲಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ, ಅವರಿಗೆ ಮೊದಲೇ ತಿಳಿಯಲಿ ಎಂದು, ಬೇಕೆಂದೇ ಕೆಮ್ಮುತ್ತಾ, ಚಪ್ಪಲಿ ಸದ್ದು ಮಾಡುತ್ತಾ ಬರುತ್ತಿದ್ದಳು. ದಿನಾ ಬಾಗಿಲು ತೆರೆದಾಗ ಅವರು ಕುರ್ಚಿಯಲ್ಲೇ ಇರುತ್ತಿದ್ದರು. ದಿನಾ ಅವಳಿಗೆ ಒಂದಿಷ್ಟು ನಿರಾಸೆಯಾಗುತ್ತಿತ್ತು, ಅದನ್ನು ಹೊಟ್ಟೆಗೆ ಹಾಕಿಕೊಂಡು ಚಹಾ ಕಾಯಿಸುತ್ತಿದ್ದಳು.

ಒಂದು ಗುರುವಾರ ಹಾಗೆಯೇ ಬಂದಳು. ಮಾಸ್ತರು ಕುರ್ಚಿಯಲ್ಲಿದ್ದರು. ಬೀದಿಯ ಧೂಳು ಬರುತ್ತಿದೆ ಎಂದು ಅವಳು ಎದುರಿನ ಕಿಟಕಿ ಮುಚ್ಚಲು ಹೋದಳು. ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟವಿತ್ತು.

ಹಳೆಯ ದಿನಗಳಾಗಿದ್ದರೆ ಆ ಕಟ್ಟೆಯ ಮೇಲೆ ಲೋಟವಷ್ಟೇ ಅಲ್ಲ, ಅರ್ಧ ಅಡುಗೆಮನೆಯೇ ಇರುತ್ತಿತ್ತು, ಯಾರು ಕೇಳುತ್ತಿದ್ದರು? ಈಗ ಇಡೀ ಕೋಣೆಯಲ್ಲಿ ಜಾಗ ತಪ್ಪಿದ್ದದ್ದು ಅದೊಂದೇ. ಸೂಜಿಯಮ್ಮ ಮೊದಲು ತನ್ನನ್ನೇ ಬೈದುಕೊಂಡಳು. ಹಾಳು ಮರೆವು, ಮತ್ತೆ ಶುರುವಾಯಿತು ಎಂದು ಕೈಗೆತ್ತಿಕೊಂಡಳು. ತಳದಲ್ಲಿ ನೀರಿತ್ತು. ಆಗ ನೆನಪಾಯಿತು: ಮಧ್ಯಾಹ್ನ ಊಟವಾದ ಮೇಲೆ ಎರಡೂ ಲೋಟ ತೊಳೆದು ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದ್ದಳು. ಅದು ಅವಳ ಎಂಟನೆಯ ದಿನದ ಹಿಡಿ, ಅದನ್ನು ಅವಳು ಒಮ್ಮೆಯೂ ತಪ್ಪಿಸಿದ್ದಿಲ್ಲ.

ಅವಳು ಲೋಟ ಹಿಡಿದುಕೊಂಡೇ ತಿರುಗಿ ನೋಡಿದಳು. ಕುರ್ಚಿಯಿಂದ ಅಡುಗೆಮನೆಗೆ ಗೋಡೆಯಿದೆ, ಬೊಂಬೆಯಿದೆ. ಅಡುಗೆಮನೆಯಿಂದ ಈ ಕಿಟಕಿಗೆ ಏನೂ ಇಲ್ಲ. ಹನ್ನೆರಡು ಹೆಜ್ಜೆ ಬರೀ ನೆಲ.

"ರೀ, ಈ ಲೋಟ ಇಲ್ಲಿ ಯಾರು ಇಟ್ಟಿದ್ದು?" ಎಂದು ಕೇಳಿದಳು.

ಮಾಸ್ತರು ಹುಬ್ಬು ಗಂಟಿಕ್ಕಿ ಯೋಚಿಸಿದರು. "ಅಯ್ಯೋ, ನಾನೇ. ನೀರು ಕುಡೀತಿದ್ದೆ, ಬೀದೀಲಿ ಏನೋ ಗಲಾಟೆ ಆಯ್ತು. ಏನು ನೋಡೋಣ ಅಂತ ಕಿಟಕಿಗೆ ಹೋದೆ. ಯಾರದೋ ಗಾಡಿ ಚಕ್ರ ಕಳಚಿತ್ತು, ಅವನು ಬೈದ, ಇವನು ಬೈದ. ಕೇಳ್ತಾ ಕೇಳ್ತಾ ಅಲ್ಲೇ ಬಿಟ್ಟುಬಂದೆ ಅನಿಸತ್ತೆ. ಮರೆತೇ ಹೋಯ್ತು."

"ಎಷ್ಟು ಹೆಜ್ಜೆ?"

"ಏನು?"

"ಅಡುಗೆಮನೆಯಿಂದ ಕಿಟಕಿಗೆ ಎಷ್ಟು ಹೆಜ್ಜೆ ಆಯ್ತು?"

ಮಾಸ್ತರು ಬಾಯಿ ತೆರೆದರು. ಅವರ ಮುಖದ ಮೇಲೆ ನಿಧಾನವಾಗಿ ಒಂದು ಆಶ್ಚರ್ಯ ಹರಡಿತು. "ಎಣಿಸಲೇ ಇಲ್ಲ ಕಣೇ" ಎಂದರು.

ಸೂಜಿಯಮ್ಮನ ಕಣ್ಣಿಂದ ನೀರು ದಳದಳನೆ ಇಳಿಯಿತು. ದನಿ ತೆಗೆದು ಅತ್ತರೆ ಅವರಿಗೆ ಗೊತ್ತಾಗುತ್ತದೆ, ಗೊತ್ತಾದರೆ ಹೆದರಿ ಮತ್ತೆ ಎಣಿಸಲು ಶುರುಮಾಡುತ್ತಾರೆ. ಅವಳು ಬರಿಗೈಯಲ್ಲೇ ಕೆನ್ನೆ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೂವತ್ತೈದು ವರ್ಷದಲ್ಲಿ ಬೈಯದಷ್ಟು ಜೋರಾಗಿ ಬೈಯತೊಡಗಿದಳು.

"ಎಣಿಸಲಿಲ್ಲವಂತೆ! ಇದೇನು ಧರ್ಮಛತ್ರ ಅಂದ್ಕೊಂಡ್ರಾ, ಕುಡಿದ ಲೋಟ ಕುಡಿದಲ್ಲಿ ಬಿಡೋಕೆ? ಊರಿಗೆಲ್ಲ ಬುದ್ಧಿ ಹೇಳ್ತೀರಿ, ಎತ್ತಿದ್ದನ್ನ ಎತ್ತಿದಲ್ಲಿ ಇಡು ಅಂತ. ನಿಮಗೆ ಮಾತ್ರ ಅದು ಅನ್ವಯಿಸಲ್ವಾ? ನಿಮ್ಮ ಹಿಂದೆ ಲೋಟ ಎತ್ಕೊಂಡು ಓಡಾಡೋಕೆ ನನಗೇನು ಬೇರೆ ಕೆಲಸ ಇಲ್ವಾ? ಬನ್ನಿ, ನೀವೇ ತಗೊಂಡು ಹೋಗಿ ತೊಳೆದಿಡಿ!"

ಕುರ್ಚಿ ಕಿರ್ರೆಂದಿತು. ಮಾಸ್ತರು ಎದ್ದರು. ಗೋಡೆಯನ್ನು ಮುಟ್ಟಲಿಲ್ಲ, ಕೈ ಮುಂದಕ್ಕೆ ಚಾಚಲಿಲ್ಲ. "ಬಂದೆ ಮಾರಾಯ್ತಿ, ಬಂದೆ" ಎನ್ನುತ್ತಾ ಕೋಣೆಯ ನಡುವೆ ನೆಟ್ಟಗೆ ಅವಳ ಕಡೆಗೆ ನಡೆಯತೊಡಗಿದರು.

ಒಂದು ಹೆಜ್ಜೆಯಾದರೂ ಮುಂದೆ ಹೋಗಿ ಹಿಡಿದುಕೊಳ್ಳೋಣ ಎಂದು ಅವಳ ಜೀವ ತುಡಿಯಿತು. ಅವಳು ಹೋಗಲಿಲ್ಲ. ಬೈಗುಳ ನಿಂತರೆ ಅವರಿಗೆ ದಿಕ್ಕು ತಪ್ಪೀತು ಎಂದು ನಿಂತಲ್ಲೇ ನಿಂತು, ಕಣ್ಣು ಕಾಣದಷ್ಟು ಅಳುತ್ತಾ, ಇಲ್ಲದ ತಪ್ಪುಗಳನ್ನೆಲ್ಲ ಹುಡುಕಿ ಹುಡುಕಿ ಬೈಯುತ್ತಲೇ ಇದ್ದಳು, ಅವರ ಕೈ ಬಂದು ಲೋಟವನ್ನು ಹಿಡಿಯುವವರೆಗೂ.